ಮರದ ಹಾಳೆಗಳಲ್ಲಿ ಚಿತ್ರ: ಮಾರ್ಕೆಟ್ರಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮರಗೆಲಸವನ್ನು ಹವ್ಯಾಸವಾಗಿ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ಗರಗಸ, ಉಳಿ, ಅಂಟು, ಕ್ಲಾಂಪ್ ಇವುಗಳ ಪರಿಚಯ ಸ್ವಲ್ಪ ಇದ್ದರೆ ಸಾಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕತ್ತರಿಸುವುದು ಕೈಗೆ ಬೇಗ ಹತ್ತುತ್ತದೆ. ಯಾವ ಮರದ ಯಾವ ಭಾಗವನ್ನು ಎಲ್ಲಿ ಕೂರಿಸಬೇಕು ಅನ್ನುವುದು ಕಣ್ಣಿಗೆ ನಿಧಾನವಾಗಿ ಬರುತ್ತದೆ. ಮಾರ್ಕೆಟ್ರಿಯ ಚಂದ ಇರುವುದು ಆ ಎರಡನೆಯದರಲ್ಲಿ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಮರ ಆರಿಸುವ ಮಾತು ಮತ್ತೆ ಮತ್ತೆ ಬರುತ್ತದೆ.

ಮಾರ್ಕೆಟ್ರಿ ಅಂದರೆ ಏನು? ಇನ್ಲೇ ಅಂತಾರಲ್ಲ, ಅದೇ ಅಲ್ವಾ?

ಅಲ್ಲ. ಇನ್ಲೇಯಲ್ಲಿ ಗಟ್ಟಿ ಹಲಗೆಯಲ್ಲಿ ಗುಳಿ ತೋಡಿ, ಅದರೊಳಗೆ ಬೇರೆ ಮರವನ್ನೋ ಚಿಪ್ಪನ್ನೋ ಲೋಹವನ್ನೋ ಕೂರಿಸುತ್ತಾರೆ. ಮಾರ್ಕೆಟ್ರಿಯಲ್ಲಿ ಗುಳಿ ತೋಡುವ ಕೆಲಸವೇ ಇಲ್ಲ. ತೆಳು ಮರದ ಹಾಳೆಗಳನ್ನು, ಅಂದರೆ ವೆನೀರ್‌ಗಳನ್ನು, ಕತ್ತರಿಸಿ ಪಕ್ಕಪಕ್ಕ ಜೋಡಿಸಿ ಮೊದಲು ಇಡೀ ಚಿತ್ರವನ್ನು ಒಂದೇ ಹಾಳೆಯಾಗಿ ಮಾಡುತ್ತಾರೆ. ಆಮೇಲೆ ಆ ಹಾಳೆಯನ್ನು ಅಡಿಹಲಗೆಗೆ ಅಂಟಿಸುತ್ತಾರೆ. ಹೂವು, ಹಕ್ಕಿ, ಮುಖಗಳ ಬದಲು ಚೌಕ, ತ್ರಿಕೋನ, ವಜ್ರಾಕಾರಗಳ ವಿನ್ಯಾಸ ಮಾತ್ರ ಇದ್ದರೆ ಅದನ್ನು ಪಾರ್ಕೆಟ್ರಿ ಅನ್ನುತ್ತಾರೆ.

ನನಗೆ ಚಿತ್ರ ಬಿಡಿಸೋಕೆ ಬರುವುದಿಲ್ಲ. ಆದರೂ ಕಲಿಯಬಹುದಾ?

ಖಂಡಿತ. ಒಂದು ಫೋಟೋ ತೆಗೆದುಕೊಳ್ಳಿ, ಕಪ್ಪುಬಿಳುಪು ಮಾಡಿ, ಮೂರರಿಂದ ಐದು ಛಾಯೆಗೆ ಇಳಿಸಿ. ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಛಾಯೆಗಳ ಗಡಿಯನ್ನಷ್ಟೇ ಗೆರೆ ಹಾಕಿ. ನಿಮ್ಮ ನಕ್ಷೆ ರೆಡಿ. ಗೆರೆ ಎಳೆಯುವುದಕ್ಕಿಂತ ಯಾವ ಗೆರೆಯನ್ನು ಬಿಡಬೇಕು ಅಂತ ತಿಳಿಯುವುದು ಮುಖ್ಯ. ಹಕ್ಕಿಯ ಒಂದೊಂದು ಗರಿಯನ್ನೂ ಕತ್ತರಿಸಬೇಕಾಗಿಲ್ಲ. ಸರಿಯಾದ ಎಳೆ (ಮರದ ನಾರಿನ ಗೆರೆ) ಇರುವ ಒಂದೇ ತುಂಡು ಇಡೀ ರೆಕ್ಕೆಯನ್ನು ತೋರಿಸಿಬಿಡುತ್ತದೆ.

ಶುರು ಮಾಡೋಕೆ ಏನೇನು ಬೇಕು?

ತುಂಬಾ ಕಡಿಮೆ. 11ನೇ ನಂಬರಿನ ಸರ್ಜಿಕಲ್ ಬ್ಲೇಡು ಮತ್ತು ಅದರ ಹಿಡಿ. ಉಕ್ಕಿನ ಸ್ಕೇಲು. ಕತ್ತರಿಸಲು ಕೆಳಗೆ ಹಾಸುವ ಮ್ಯಾಟ್. ನೀರು ಹಚ್ಚಿದರೆ ಅಂಟುವ ಕಾಗದದ ವೆನೀರ್ ಟೇಪು. ಬಿಳಿ ಅಥವಾ ಹಳದಿ ಮರದಂಟು. ಕಾರ್ಬನ್ ಪೇಪರ್, ಚಿಮುಟ, ಎರಡು ದಪ್ಪ ಸಮತಟ್ಟು ಹಲಗೆ, ನಾಲ್ಕಾರು ಕ್ಲಾಂಪು. ಇಷ್ಟೇ.

ಸ್ಕ್ರೋಲ್ ಸಾ (ಸಣ್ಣ ಬ್ಲೇಡಿನ ಯಂತ್ರಗರಗಸ), ವ್ಯಾಕ್ಯೂಮ್ ಪ್ರೆಸ್ (ಗಾಳಿ ಹೀರಿ ಒತ್ತುವ ಯಂತ್ರ) ಇವೆಲ್ಲ ಆಮೇಲೆ. ಮೊದಲೇ ಯಂತ್ರ ಕೊಂಡರೆ ಗಮನ ಪೂರ್ತಿ ಯಂತ್ರದ ಮೇಲೇ ಇರುತ್ತದೆ. ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಬಗೆಬಗೆಯ ವೆನೀರ್ ಕೊಳ್ಳಿ. ದೊಡ್ಡ ಹಾಳೆಗಳಿಗಿಂತ ಹಲವು ಜಾತಿಯ ಸಣ್ಣ ತುಂಡುಗಳಿರುವ ಕಟ್ಟು ಕಲಿಯುವವರಿಗೆ ಹೆಚ್ಚು ಉಪಯೋಗ.

ಬ್ಲೇಡಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ತುದಿ ಮೊಂಡಾದ ಬ್ಲೇಡು ಎಳೆಗಳನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಕೈಗೆ ಜಾಸ್ತಿ ಒತ್ತಡ ಬೇಕು ಅನ್ನಿಸಿದ ಕೂಡಲೇ ಬದಲಿಸಿ.

ಮೊದಲ ಕೆಲಸ ಯಾವುದು ಇಟ್ಟುಕೊಳ್ಳಲಿ?

ಚದುರಂಗದ ಹಾಸು. ಸುಲಭ ಅಂತಲ್ಲ, ತಪ್ಪು ಎಲ್ಲಿದೆ ಅಂತ ಅದು ಮುಚ್ಚುಮರೆ ಇಲ್ಲದೆ ತೋರಿಸುತ್ತದೆ ಅಂತ.

ತಿಳಿ ಬಣ್ಣದ ಐದು ಪಟ್ಟಿ, ಗಾಢ ಬಣ್ಣದ ನಾಲ್ಕು ಪಟ್ಟಿ ಒಂದೇ ಅಗಲಕ್ಕೆ ಕತ್ತರಿಸಿ. ಒಂದು ತಿಳಿ, ಒಂದು ಗಾಢ ಅಂತ ಸಾಲಾಗಿ ಟೇಪು ಹಾಕಿ ಜೋಡಿಸಿ. ಈಗ ಆ ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ, ಅದೇ ಅಗಲದ ಎಂಟು ಪಟ್ಟಿ ಕತ್ತರಿಸಿ. ಪ್ರತಿ ಪಟ್ಟಿಯಲ್ಲೂ ಒಂಬತ್ತು ಚೌಕಗಳಿರುತ್ತವೆ. ಒಂದು ಬಿಟ್ಟು ಒಂದು ಪಟ್ಟಿಯನ್ನು ಒಂದು ಚೌಕದಷ್ಟು ಪಕ್ಕಕ್ಕೆ ಸರಿಸಿ ಮತ್ತೆ ಜೋಡಿಸಿ. ಎರಡೂ ಕಡೆ ಹೊರಗೆ ಉಳಿದ ಚೌಕಗಳನ್ನು ಕತ್ತರಿಸಿದರೆ ಎಂಟಕ್ಕೆಂಟರ ಹಾಸು ಕೈಯಲ್ಲಿ.

ಅರವತ್ತನಾಲ್ಕು ಚೌಕಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಜೋಡಿಸಲು ಹೋಗಬೇಡಿ, ಮೂಲೆಗಳು ಯಾವತ್ತೂ ಸೇರುವುದಿಲ್ಲ. ಪಟ್ಟಿಗಳ ಅಗಲವನ್ನು ಪ್ರತಿ ಸಲ ಅಳೆಯುವುದೂ ಬೇಡ. ಸ್ಕೇಲನ್ನು ತಡೆದು ನಿಲ್ಲಿಸುವ ಒಂದು ಅಡ್ಡಪಟ್ಟಿ ಇಟ್ಟುಕೊಂಡು, ಎಲ್ಲವನ್ನೂ ಅದಕ್ಕೇ ತಾಗಿಸಿ ಕತ್ತರಿಸಿ.

ಎಷ್ಟು ದಪ್ಪದ ವೆನೀರ್ ಬೇಕು?

ಮಾಮೂಲಿಯಾಗಿ ಸಿಗುವ, ಬ್ಲೇಡಿನಿಂದ ಹೆರೆದು ತೆಗೆದ ವೆನೀರ್ ಸುಮಾರು 0.5ರಿಂದ 0.6 ಮಿ.ಮೀ. ಇರುತ್ತದೆ. ಚಾಕುವಿನಲ್ಲಿ ಕತ್ತರಿಸಲು ಇದೇ ಸರಿ. ಗರಗಸದಿಂದ ಕೊಯ್ದ ವೆನೀರ್ 1 ಮಿ.ಮೀ.ಗಿಂತ ದಪ್ಪ ಇರುತ್ತದೆ, ಅದಕ್ಕೆ ಫ್ರೆಟ್ ಸಾ (ಸಣ್ಣ ಬ್ಲೇಡಿನ ಕೈಗರಗಸ) ಅಥವಾ ಸ್ಕ್ರೋಲ್ ಸಾ ಬೇಕು. ಒಂದೇ ಚಿತ್ರದಲ್ಲಿ ಬೇರೆ ಬೇರೆ ದಪ್ಪ ಬೆರೆಸದಿದ್ದರೆ ಒಳ್ಳೆಯದು. ಬೆರೆಸಿದರೆ ಒತ್ತುವಾಗ ತೆಳು ತುಂಡಿಗೆ ಒತ್ತಡವೇ ಸಿಗುವುದಿಲ್ಲ, ಉಜ್ಜುವಾಗ ದಪ್ಪ ತುಂಡು ಮೊದಲು ಸವೆಯಬೇಕಾಗುತ್ತದೆ.

ವಿಂಡೋ ವಿಧಾನ ಅಂತ ಕೇಳಿದ್ದೇನೆ. ಅದು ಹೇಗೆ?

ಚಾಕು ಹಿಡಿದು ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಕತ್ತರಿಸುವ ಮುಂಚೆಯೇ ಚಿತ್ರ ಹೇಗೆ ಕಾಣುತ್ತದೆ ಅಂತ ಇದರಲ್ಲಿ ನೋಡಬಹುದು.

ಹಿನ್ನೆಲೆಗೆ ಅಂತ ಆರಿಸಿದ ವೆನೀರ್ ಹಾಳೆಯ ಮೇಲೆ ಕಾರ್ಬನ್ ಪೇಪರ್ ಇಟ್ಟು ನಕ್ಷೆಯನ್ನು ಇಳಿಸಿ. ನಕ್ಷೆಯ ಮೇಲ್ತುದಿಯನ್ನು ಹಾಳೆಗೆ ಟೇಪಿನಿಂದ ಅಂಟಿಸಿಡಿ, ಬೇಕಾದಾಗ ಎತ್ತಿ ಮತ್ತೆ ಅದೇ ಜಾಗಕ್ಕೆ ಇಳಿಸಬಹುದು. ಈಗ ಒಂದು ಭಾಗವನ್ನು, ಬೆಟ್ಟ ಅಂತಿಟ್ಟುಕೊಳ್ಳಿ, ಕತ್ತರಿಸಿ ತೆಗೆಯಿರಿ. ಹಾಳೆಯಲ್ಲಿ ಒಂದು ಕಿಟಕಿ ಆಯಿತು. ಬೆಟ್ಟಕ್ಕೆ ಅಂತ ಅಂದುಕೊಂಡ ವೆನೀರನ್ನು ಆ ಕಿಟಕಿಯ ಹಿಂದೆ ಹಿಡಿಯಿರಿ.

ಇಲ್ಲಿ ಅವಸರ ಬೇಡ. ವೆನೀರನ್ನು ಮೇಲೆ ಕೆಳಗೆ ಸರಿಸಿ, ತಿರುಗಿಸಿ, ಮಗುಚಿ ನೋಡಿ. ಎಳೆ ಅಡ್ಡ ಇದ್ದಾಗ ಬೆಟ್ಟ ಮಲಗಿದಂತೆ ಕಾಣುತ್ತದೆ. ಸ್ವಲ್ಪ ಓರೆ ಮಾಡಿದರೆ ಇಳಿಜಾರು ಬರುತ್ತದೆ. ಒಂದು ಸಣ್ಣ ಗಂಟು ಸರಿಯಾದ ಜಾಗಕ್ಕೆ ಬಂದರೆ ಅಲ್ಲೊಂದು ಬಂಡೆಯೇ ಕಾಣಿಸಿಕೊಳ್ಳುತ್ತದೆ. ಇದೇ ಅನ್ನಿಸಿದಾಗ ಹಿಂದಿನಿಂದ ಟೇಪು ಹಾಕಿ ನಿಲ್ಲಿಸಿ.

ಆಮೇಲೆ ಕಿಟಕಿಯ ಅಂಚಿಗೆ ಚಾಕುವಿನ ತುದಿ ತಾಗಿಸಿಕೊಂಡು ಕೆಳಗಿನ ವೆನೀರಿನ ಮೇಲೆ ಹಗುರವಾಗಿ ಗೀಚಿ. ವೆನೀರನ್ನು ಬಿಡಿಸಿಕೊಂಡು ಆ ಗೀಚಿನ ಮೇಲೆ ಎರಡು ಮೂರು ಸಲ ಚಾಕು ಎಳೆದು ಕತ್ತರಿಸಿ. ತುಂಡನ್ನು ಕಿಟಕಿಯಲ್ಲಿ ಕೂರಿಸಿ, ಅಂಚಿಗೆ ತೆಳುವಾಗಿ ಅಂಟು ಸವರಿ ಒರೆಸಿ, ಟೇಪು ಹಾಕಿ. ಒಣಗಿದ ಮೇಲೆ ಮುಂದಿನ ಕಿಟಕಿ.

ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ಆಕಾಶ, ಬೆಟ್ಟ, ಮರ, ಮುಂದಿನ ಹುಲ್ಲು, ಹೀಗೆ. ಬೆಟ್ಟದ ಬುಡ ಮರದ ಹಿಂದೆ ಮರೆಯಾಗುವಂತಿದ್ದರೆ, ಬೆಟ್ಟದ ತುಂಡನ್ನು ಅಲ್ಲಿ ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಬಿಡಿ. ಮರದ ಕಿಟಕಿ ಕತ್ತರಿಸುವಾಗ ಅದು ತಾನಾಗಿ ಸರಿಹೋಗುತ್ತದೆ.

ಚೂಪಾದ ತುದಿಗಳು ಮುರಿದು ಬರುತ್ತವೆ. ಏನು ಮಾಡಲಿ?

ಕತ್ತರಿಸುವ ಮೊದಲು ಆ ಜಾಗಕ್ಕೆ ವೆನೀರ್ ಟೇಪು ಹಾಕಿ. ತುದಿಯ ಕಡೆಗೆ ಚಾಕು ಎಳೆಯಬೇಡಿ, ತುದಿಯಿಂದ ಶುರು ಮಾಡಿ ಈಚೆಗೆ ಎಳೆಯಿರಿ. ಸಾಧ್ಯವಾದಷ್ಟೂ ಎಳೆಯನ್ನು ತುದಿಯ ಉದ್ದಕ್ಕೆ ಹೊಂದಿಸಿ. ಹುಲ್ಲಿನ ಗರಿಗೆ ಎಳೆ ಅಡ್ಡ ಬಂದರೆ ಅದು ಮುರಿಯಲೇಬೇಕು, ಮತ್ತೆ ನೋಡುವುದಕ್ಕೂ ಹುಲ್ಲಿನಂತಿರುವುದಿಲ್ಲ.

ಎಳೆಯ ಜೊತೆಜೊತೆಗೇ ಕತ್ತರಿಸುವಾಗ ಚಾಕು ತನ್ನ ದಾರಿ ಬಿಟ್ಟು ಎಳೆಯ ದಾರಿ ಹಿಡಿಯುತ್ತದೆ. ಒಂದೇ ಸಲ ಒತ್ತಿ ಕತ್ತರಿಸುವವರಿಗೆ ಇದು ಜಾಸ್ತಿ. ಮೊದಲ ಸಲ ಬರೀ ಗೀಚಿ, ಆಮೇಲೆ ಆಳಕ್ಕೆ ಇಳಿಯಿರಿ.

ಚಾಕು ಬಿಟ್ಟು ಗರಗಸಕ್ಕೆ ಯಾವಾಗ ಹೋಗಬೇಕು?

ವೆನೀರ್ ದಪ್ಪ ಆದಾಗ, ಮರ ಗಟ್ಟಿಯಾದಾಗ, ಸುತ್ತುಸುತ್ತಾದ ಬಳ್ಳಿ ವಿನ್ಯಾಸ ಬಂದಾಗ. ಹವ್ಯಾಸಿಗಳು ಗರಗಸದಲ್ಲಿ ಹೆಚ್ಚಾಗಿ ಬಳಸುವುದು ಎರಡು ದಾರಿ.

ಮೊದಲನೆಯದು ಪ್ಯಾಕೆಟ್ ವಿಧಾನ. ಹಲವು ವೆನೀರ್‌ಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ ಕೆಳಗೆ ತೆಳು ಪ್ಲೈವುಡ್ ಹಾಕಿ, ಕಟ್ಟಾಗಿ ಬಿಗಿದು ಒಟ್ಟಿಗೆ ಕತ್ತರಿಸುವುದು. ಗರಗಸವನ್ನು ನೆಟ್ಟಗೆ ಹಿಡಿಯಬೇಕು. ಬಂದ ತುಂಡುಗಳನ್ನು ಅದಲುಬದಲು ಮಾಡಿ ಜೋಡಿಸಿದರೆ ಒಂದೇ ಚಿತ್ರದ ಹಲವು ಬಣ್ಣದ ಪ್ರತಿಗಳು ಸಿಗುತ್ತವೆ. ಫ್ರಾನ್ಸಿನ ಆಂದ್ರೆ ಶಾರ್ಲ್ ಬೂಲ್ (1642–1732) ಆಮೆಚಿಪ್ಪು ಮತ್ತು ಹಿತ್ತಾಳೆಯನ್ನು ಹೀಗೆ ಒಟ್ಟಿಗೆ ಕತ್ತರಿಸಿ ಮಾಡಿದ ಪೀಠೋಪಕರಣಗಳಿಂದ ಈ ದಾರಿಗೆ ಅವನ ಹೆಸರೇ ಅಂಟಿಕೊಂಡಿತು. ಒಂದು ತೊಂದರೆ ಇದೆ. ಬ್ಲೇಡಿನ ದಪ್ಪದಷ್ಟು ಸಂದು ತುಂಡುಗಳ ನಡುವೆ ಉಳಿಯುತ್ತದೆ. ತೀರಾ ತೆಳು ಬ್ಲೇಡು ಹಾಕಿದರೆ ಅದು ಸಣ್ಣ ಕಪ್ಪು ಗೆರೆಯಾಗಿ ಕಾಣುತ್ತದೆ, ಕೆಲವು ವಿನ್ಯಾಸಕ್ಕೆ ಅದೇ ಚಂದ.

ಎರಡನೆಯದು ಡಬಲ್ ಬೆವೆಲ್. ಹಿನ್ನೆಲೆಯ ವೆನೀರ್ ಮೇಲೆ, ಸೇರಿಸಬೇಕಾದ ವೆನೀರ್ ಕೆಳಗೆ ಇಟ್ಟು, ಗರಗಸದ ಮೇಜನ್ನು ಓರೆ ಮಾಡಿ ಎರಡನ್ನೂ ಒಟ್ಟಿಗೆ ಕತ್ತರಿಸುವುದು. ಓರೆ ಇರುವುದರಿಂದ ಕೆಳಗಿನ ತುಂಡು ಮೇಲಿನ ರಂಧ್ರಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿ ಬರುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿದರೆ ಸಂದೇ ಇಲ್ಲದಂತೆ ಕೂರುತ್ತದೆ. ಮೊದಲ ಸಲ ಅದು ಕೂತಾಗ ಆಗುವ ಖುಷಿ ನೀವೇ ಅನುಭವಿಸಬೇಕು!

ಓರೆ ಎಷ್ಟು? ಇದಕ್ಕೆ ಲೆಕ್ಕ ಇದೆ. ಕೋನದ ಸೈನ್ ಅಂದರೆ ಕೊಯ್ತದ (ಬ್ಲೇಡು ಕೊಯ್ದು ಬಿಡುವ ಸಂದಿನ) ಅಗಲವನ್ನು ವೆನೀರಿನ ದಪ್ಪದಿಂದ ಭಾಗಿಸಿದಷ್ಟು. ಬ್ಲೇಡು 0.25 ಮಿ.ಮೀ., ವೆನೀರ್ 1.5 ಮಿ.ಮೀ. ಆದರೆ ಸುಮಾರು 10 ಡಿಗ್ರಿ. ವೆನೀರ್ 0.9 ಆದರೆ 16 ಡಿಗ್ರಿ. 0.6 ಆದರೆ 25 ಡಿಗ್ರಿ ಹತ್ತಿರ, ಅಷ್ಟು ಓರೆಯಲ್ಲಿ ಕತ್ತರಿಸುವುದು ಕಷ್ಟ. ತೆಳು ವೆನೀರಿಗೆ ಚಾಕುವೇ ವಾಸಿ ಅನ್ನುವುದು ಇದಕ್ಕೇ. ಲೆಕ್ಕ ಏನೇ ಹೇಳಲಿ, ಮೊದಲು ಚೂರುಪಾರಿನ ಮೇಲೆ ಒಂದು ಸಣ್ಣ ವೃತ್ತ ಕತ್ತರಿಸಿ ನೋಡಿ. ತುಂಡು ಬಿದ್ದು ಹೋದರೆ ಓರೆ ಹೆಚ್ಚಿಸಿ, ಮೇಲಕ್ಕೆ ಬರದೆ ಅಡಿಯಲ್ಲೇ ನಿಂತರೆ ಕಡಿಮೆ ಮಾಡಿ.

ಮತ್ತೆ ಇದೊಂದು ಮರೆಯಬೇಡಿ. ಗೆರೆಯ ಸುತ್ತ ಒಂದೇ ದಿಕ್ಕಿನಲ್ಲಿ ಹೋಗಬೇಕು. ನಡುವೆ ದಿಕ್ಕು ಬದಲಿಸಿದರೆ ಓರೆ ಉಲ್ಟಾ ಆಗಿ ಆ ಭಾಗದಲ್ಲಿ ಸಂದು ದುಪ್ಪಟ್ಟಾಗುತ್ತದೆ.

ಲೇಸರ್ ಕಟರ್ ಬಳಸಿದರೆ ತಪ್ಪಾ?

ತಪ್ಪೇನಿಲ್ಲ. ಅಂಚು ಸುಟ್ಟು ಕಪ್ಪಾಗುತ್ತದೆ, ತಿಳಿ ಮರದಲ್ಲಿ ಅದು ಎದ್ದು ಕಾಣುತ್ತದೆ. ಆದರೆ ಕಲಿಯುವಾಗ ನಾನು ಬೇಡ ಅನ್ನುತ್ತೇನೆ. ಚಾಕುವಿಗೆ ಮರ ಎದುರು ಒತ್ತುವಾಗಲೇ ಯಾವ ಮರದ ಸ್ವಭಾವ ಏನು ಅಂತ ಕೈಗೆ ಗೊತ್ತಾಗುವುದು.

ಮರ ಆರಿಸುವುದು ಹೇಗೆ? ಬಣ್ಣ ನೋಡಿ ತಾನೇ?

ಬಣ್ಣ ಮೂರನೆಯದು. ಮೊದಲು ಛಾಯೆ, ಆಮೇಲೆ ಎಳೆಯ ದಿಕ್ಕು, ಆಮೇಲೆ ಬಣ್ಣ.

ಛಾಯೆ ಅಂದರೆ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು. ನಿಮ್ಮಲ್ಲಿರುವ ವೆನೀರ್ ತುಂಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಕಣ್ಣಿಗೆ ಬೇರೆ ಬೇರೆ ಕಾಣುತ್ತಿದ್ದ ಕೆಂಪು ಮರ, ಕಂದು ಮರ ಫೋಟೋದಲ್ಲಿ ಒಂದೇ ಬೂದು ಆಗಿರುತ್ತವೆ. ಅವೆರಡನ್ನು ಪಕ್ಕಪಕ್ಕ ಇಟ್ಟರೆ ಹತ್ತಿರದಿಂದ ಚೆನ್ನಾಗಿ ಕಂಡರೂ ನಾಲ್ಕು ಹೆಜ್ಜೆ ಹಿಂದೆ ಹೋದರೆ ಚಿತ್ರ ಕಲಸಿಹೋಗುತ್ತದೆ. ಹಾಲಿ, ಮೇಪಲ್, ಸಿಕಮೋರ್ ಮರಗಳು ತಿಳಿ ಕಡೆ. ಚೆರಿ, ಮಹೋಗನಿ ನಡುವೆ. ವಾಲ್‌ನಟ್, ಬೀಟೆ ಗಾಢ ಕಡೆ. ಎಬನಿ ಕೊನೆ. ಎಬನಿಯನ್ನು ಕೈಬಿಗಿ ಹಿಡಿದು ಬಳಸಿ. ಕಣ್ಣಿನ ಪಾಪೆ, ಕೊಂಬೆಯ ಅಡಿ, ಬಾಗಿಲಿನ ಕತ್ತಲು, ಇಂಥ ಕಡೆ ಚಿಟಿಕೆ ಸಾಕು.

ಎಳೆಯ ದಿಕ್ಕಿನ ವಿಷಯ ಇನ್ನೂ ಸ್ವಾರಸ್ಯ. ಒಂದೇ ಹಾಳೆಯಿಂದ ಎರಡು ತುಂಡು ಕತ್ತರಿಸಿ, ಒಂದನ್ನು ತೊಂಬತ್ತು ಡಿಗ್ರಿ ತಿರುಗಿಸಿ ಪಕ್ಕದಲ್ಲಿಡಿ. ರೇಷ್ಮೆ ಬಟ್ಟೆಯನ್ನು ಓರೆ ಹಿಡಿದಾಗ ಬಣ್ಣ ಬದಲಾಗುವ ಹಾಗೆ, ಒಂದು ಹೊಳೆಯುತ್ತದೆ, ಇನ್ನೊಂದು ಮಂಕಾಗುತ್ತದೆ. ನೀವು ಪಕ್ಕಕ್ಕೆ ಸರಿದರೆ ಎರಡೂ ಪಾತ್ರ ಬದಲಿಸುತ್ತವೆ. ಬೆಳಕು ಎಳೆಗಳ ಮೇಲೆ ಬಿದ್ದು ಬೇರೆ ಬೇರೆ ದಿಕ್ಕಿಗೆ ಚಿಮ್ಮುವುದೇ ಇದಕ್ಕೆ ಕಾರಣ. ಹೂವಿನ ಐದು ಎಸಳನ್ನು ಒಂದೇ ಮರದಿಂದ, ಪ್ರತಿ ಎಸಳಿನಲ್ಲೂ ಎಳೆ ನಡುವಿನಿಂದ ಹೊರಗೆ ಹೋಗುವಂತೆ ಕತ್ತರಿಸಿ ನೋಡಿ. ಬಣ್ಣ ಒಂದೇ ಆದರೂ ಎಸಳುಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಬಣ್ಣದ ಡಬ್ಬಿಯಿಂದ ಇದು ಬರುವುದಿಲ್ಲ. ನನಗೆ ಈ ಕಲೆಯಲ್ಲಿ ಅತಿ ಪ್ರಿಯವಾದದ್ದು ಇದೇ.

ಬಣ್ಣಕ್ಕೆ ಬಂದರೆ, ಮರದಲ್ಲಿ ಕಂದು, ಕೆಂಪು, ಹಳದಿ ಧಾರಾಳ. ನೇರಳೆಗೆ ಪರ್ಪಲ್‌ಹಾರ್ಟ್ ಇದೆ. ನೀಲಿ, ಹಸಿರು ಸಿಗುವುದು ಅಪರೂಪ. ಇಟಲಿಯ ಹಳೆ ಕುಶಲಕರ್ಮಿಗಳು ಹಸಿರಿಗೆ ಒಂದು ದಾರಿ ಕಂಡುಕೊಂಡಿದ್ದರು. ಬಿದ್ದು ಕೊಳೆಯುವ ಮರದಲ್ಲಿ ಕ್ಲೋರೋಸಿಬೋರಿಯ ಅನ್ನುವ ಶಿಲೀಂಧ್ರ ಬೆಳೆದರೆ ಮರವೇ ನೀಲಿ ಹಸಿರಾಗುತ್ತದೆ, ಅದನ್ನು ಹುಡುಕಿ ತಂದು ಬಳಸುತ್ತಿದ್ದರು. ಈಗ ಬಣ್ಣ ಕುಡಿಸಿದ ವೆನೀರ್ ಸಿಗುತ್ತದೆ. ಮಿತವಾಗಿ ಬಳಸಿದರೆ ಚೆನ್ನ.

ಮರದ ಬಣ್ಣ ಕಾಲ ಕಳೆದಂತೆ ಮಾಸುತ್ತಾ?

ಮಾಸುತ್ತದೆ. ಪಡೌಕ್ ಕತ್ತರಿಸಿದಾಗ ಕಿತ್ತಳೆಗೆಂಪು, ಬೆಳಕಿನಲ್ಲಿ ಕ್ರಮೇಣ ಕಂದು. ಪರ್ಪಲ್‌ಹಾರ್ಟ್ ಕೂಡ ಕಂದಿನ ಕಡೆ ವಾಲುತ್ತದೆ. ಚೆರಿ ಉಲ್ಟಾ, ಗಾಢವಾಗುತ್ತದೆ. ವಾಲ್‌ನಟ್ ತುಸು ತಿಳಿಯಾಗುತ್ತದೆ. ನೂರಾರು ವರ್ಷದ ಮಾರ್ಕೆಟ್ರಿ ಇವತ್ತು ಬರೀ ಕಂದು ಹೊಂಬಣ್ಣದಲ್ಲಿ ಕಾಣುವುದಕ್ಕೆ ಇದೇ ಕಾರಣ. ಅವು ಹೊಸದರಲ್ಲಿ ಕಣ್ಣು ಕೋರೈಸುವಷ್ಟು ಬಣ್ಣಬಣ್ಣವಾಗಿದ್ದವು.

ಆದ್ದರಿಂದ ಚಿತ್ರ ಬರೀ ಬಣ್ಣದ ಮೇಲೆ ನಿಂತಿರಬಾರದು. ಛಾಯೆ ಮತ್ತು ಎಳೆ ಸರಿ ಇದ್ದರೆ ಬಣ್ಣ ಹೋದರೂ ಚಿತ್ರ ಉಳಿಯುತ್ತದೆ. ಮುಗಿದ ಕೆಲಸವನ್ನು ಬಿಸಿಲು ನೇರವಾಗಿ ಬೀಳುವ ಗೋಡೆಗೆ ಹಾಕಬೇಡಿ.

ಬೀಟೆಯಂಥ ಮರಗಳನ್ನು ಬಳಸಲು ನಿರ್ಬಂಧ ಇದೆಯಾ?

ಬೀಟೆ ಸೇರಿದ ಡಾಲ್ಬರ್ಜಿಯ ಕುಲದ ಮರಗಳೆಲ್ಲ 2017ರಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಪಟ್ಟಿಯಲ್ಲಿವೆ. ಬ್ರೆಜಿಲ್‌ನ ರೋಸ್‌ವುಡ್ 1992ರಿಂದಲೇ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಈ ಒಪ್ಪಂದ ಇರುವುದು ದೇಶದಿಂದ ದೇಶಕ್ಕೆ ಸಾಗಿಸುವುದರ ಮೇಲೆ. ಹೊರದೇಶದಿಂದ ತರಿಸುವ ಮುಂಚೆ ಮರದ ವೈಜ್ಞಾನಿಕ ಹೆಸರು ಕೇಳಿ ತಿಳಿದುಕೊಳ್ಳಿ. ಮಾರುವವರು ಹೇಳುವ ಹೆಸರು ಒಂದು, ಮರ ಇನ್ನೊಂದು ಆಗಿರುವುದುಂಟು.

ತುಂಡುಗಳ ಅಂಚಿನಲ್ಲಿ ನೆರಳು ಬಂದ ಹಾಗಿರುತ್ತದಲ್ಲ, ಅದು ಬಣ್ಣವಾ?

ಅದು ಬಿಸಿ ಮರಳಿನಲ್ಲಿ ಸುಟ್ಟದ್ದು. ಸಪಾಟಾದ ಎಲೆಯನ್ನು ಉಬ್ಬಿದ ಎಲೆಯನ್ನಾಗಿ ಮಾಡುವುದು ಈ ಒಂದು ಕೈಚಳಕ.

ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಎರಡು ಮೂರು ಸೆಂ.ಮೀ. ಆಳಕ್ಕೆ ತೊಳೆದು ಒಣಗಿಸಿದ ನುಣ್ಣನೆ ಮರಳು ಹಾಕಿ ಒಲೆಯ ಮೇಲಿಡಿ. ಚೆನ್ನಾಗಿ ಕಾದ ಮೇಲೆ ಬೇಡದ ತುಂಡೊಂದನ್ನು ಚಿಮುಟದಲ್ಲಿ ಹಿಡಿದು ಅಂಚನ್ನು ಮರಳಿಗೆ ಇಳಿಸಿ. ಹತ್ತು ಸೆಕೆಂಡಿಗೆ ತೆಗೆದು ನೋಡಿ. ತಳದ ಮರಳು ಹೆಚ್ಚು ಬಿಸಿ, ಮೇಲಿನದು ಕಡಿಮೆ. ಅದಕ್ಕೇ ತುದಿ ಗಾಢವಾಗಿ, ಮೇಲೆ ಬಂದಂತೆ ಮೆಲ್ಲಗೆ ತಿಳಿಯಾಗುತ್ತದೆ. ಕುಂಚದಲ್ಲಿ ಇಷ್ಟು ನಯವಾದ ನೆರಳು ತರುವುದು ಕಷ್ಟ. ಒಳಬಾಗಿದ ಅಂಚಿಗೆ ನೆರಳು ಬೇಕಾದರೆ ಚಮಚದಿಂದ ಬಿಸಿ ಮರಳನ್ನು ಅಲ್ಲಿಗೆ ಸುರಿಯುತ್ತಾರೆ.

ಬೇಕಾದ್ದಕ್ಕಿಂತ ಒಂದು ಕೈ ಗಾಢವಾಗಿಯೇ ಸುಡಿ, ಉಜ್ಜುವಾಗ ಸ್ವಲ್ಪ ಹೋಗುತ್ತದೆ. ಇದ್ದಿಲಾಗುವಷ್ಟು ಮಾತ್ರ ಬಿಡಬೇಡಿ, ಆ ಅಂಚು ಪುಡಿಯಾಗಿ ಉದುರುತ್ತದೆ. ಆತುರಕ್ಕೆ ಬೆಂಕಿ ಹೆಚ್ಚಿಸುವುದಕ್ಕಿಂತ ಸ್ವಲ್ಪ ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಮೇಲು. ಸುಟ್ಟ ತುಂಡು ಒಣಗಿ ಕುಗ್ಗುತ್ತದೆ, ಸೊಟ್ಟಗೂ ಆಗುತ್ತದೆ. ಒದ್ದೆ ಬಟ್ಟೆಯಿಂದ ತುಸು ತೇವ ಮಾಡಿ ಭಾರದ ಕೆಳಗೆ ಇಟ್ಟರೆ ಬಹುಪಾಲು ಸರಿಹೋಗುತ್ತದೆ.

ಸುಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಚಿತ್ರದಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿದೆ? ನಕ್ಷೆಯ ಮೂಲೆಯಲ್ಲಿ ಒಂದು ಬಾಣದ ಗುರುತು ಹಾಕಿಟ್ಟುಕೊಳ್ಳಿ. ಎಲ್ಲ ಎಲೆಗಳನ್ನೂ ಸುಮ್ನೆ ಒಂದೇ ಕಡೆ ಸುಡುತ್ತಾ ಹೋದರೆ, ತಿರುಗಿದ ಎಲೆಗಳಲ್ಲಿ ನೆರಳು ತಪ್ಪು ಕಡೆ ಬರುತ್ತದೆ.

ಬರ್ಲ್ ವೆನೀರ್ ಮುದುಡಿಕೊಂಡಿದೆ. ಹೇಗೆ ಸಪಾಟು ಮಾಡುವುದು?

ಮರದ ಮೈಮೇಲೆ ಏಳುವ ಗಂಟಿನಿಂದ ತೆಗೆದ ವೆನೀರ್ ಅದು, ಎಳೆ ಎಲ್ಲ ದಿಕ್ಕಿಗೂ ಓಡುವುದರಿಂದ ಮುದುಡುತ್ತದೆ. ನೀರು, ಆಲ್ಕೋಹಾಲ್, ಸ್ವಲ್ಪ ಗ್ಲಿಸರಿನ್ ಬೆರೆಸಿ ಎರಡೂ ಮೈಗೆ ಚಿಮುಕಿಸಿ. ಅಚ್ಚಿಲ್ಲದ ಹೀರುಕಾಗದದ ನಡುವೆ ಇಟ್ಟು, ಹಲಗೆ ಹೇರಿ, ನಿಧಾನವಾಗಿ ಒತ್ತಿ. ಕಾಗದ ಆಗಾಗ ಬದಲಿಸುತ್ತಿರಿ. ಪೂರ್ತಿ ಒಣಗುವವರೆಗೆ ಅಂಟಿಸಬೇಡಿ.

ಯಾವ ಅಂಟು? ಹೇಗೆ ಒತ್ತಬೇಕು?

ಮೊದಮೊದಲು ಮಾಮೂಲಿ ಬಿಳಿ ಅಥವಾ ಹಳದಿ ಮರದಂಟು ಸಾಕು. ದೊಡ್ಡ ಕೆಲಸಕ್ಕೆ ಯೂರಿಯಾ ರೆಸಿನ್ ಅಂಟು ಒಳ್ಳೆಯದು, ಒಣಗಿದ ಮೇಲೆ ಸಂದುಗಳು ಜರುಗುವುದಿಲ್ಲ. ಪ್ರಾಣಿಗಳ ತೊಗಲಿನಿಂದ ಮಾಡುವ ಹಳೆ ಕಾಲದ ಬಿಸಿ ಅಂಟು ಇವತ್ತಿಗೂ ಗೌರವ ಉಳಿಸಿಕೊಂಡಿದೆ. ಬಿಸಿ ಮತ್ತು ತೇವ ಕೊಟ್ಟರೆ ಅದು ಮತ್ತೆ ಬಿಡುತ್ತದೆ, ಹಾಗಾಗಿ ರಿಪೇರಿ ಸುಲಭ. ಕಾಂಟ್ಯಾಕ್ಟ್ ಅಂಟು ಬೇಡ. ತಾಗಿಸಿದ ಕೂಡಲೇ ಹಿಡಿಯುತ್ತದೆ, ಸರಿಸಲು ಆಗುವುದಿಲ್ಲ, ವರ್ಷಗಳ ಮೇಲೆ ಸಂದು ಬಾಯಿ ಬಿಡುತ್ತದೆ.

ಅಂಟನ್ನು ಅಡಿಹಲಗೆಗೆ ಹಚ್ಚಿ, ವೆನೀರಿಗೆ ಹಚ್ಚಬೇಡಿ. ವೆನೀರಿಗೆ ಹಚ್ಚಿದರೆ ನೀರು ಕುಡಿದು ಸುರುಳಿಯಾಗುತ್ತದೆ. ಅಂಟು ತೆಳುವಾಗಿ, ಎಲ್ಲ ಕಡೆ ಒಂದೇ ಸಮ ಇರಲಿ. ಟೇಪು ಹಾಕಿದ ಮೈ ಮೇಲೆ ಬರುವಂತೆ ಚಿತ್ರವನ್ನು ಕೂರಿಸಿ. ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಪದರ ನ್ಯೂಸ್‌ಪೇಪರ್, ಆಮೇಲೆ ಹಲಗೆ. ಸಣ್ಣಪುಟ್ಟ ಏರುತಗ್ಗನ್ನು ಕಾಗದ ನುಂಗಿಕೊಳ್ಳುತ್ತದೆ. ಕ್ಲಾಂಪನ್ನು ನಡುವಿನಿಂದ ಬಿಗಿಯುತ್ತಾ ಅಂಚಿಗೆ ಬನ್ನಿ, ಆಗ ಹೆಚ್ಚಿನ ಅಂಟು ಹೊರಗೆ ಬರುತ್ತದೆ. ರಾತ್ರಿಯಿಡೀ ಬಿಡಿ.

ಬಿಚ್ಚಿದ ಮೇಲೆ ಟೇಪಿಗೆ ಬೆಚ್ಚಗಿನ ನೀರು ಸವರಿ, ಒಂದೆರಡು ನಿಮಿಷ ಬಿಟ್ಟು ಕೆರೆದು ತೆಗೆಯಿರಿ. ಒಣ ಟೇಪನ್ನು ಎಳೆದರೆ ಮರದ ಎಳೆಯೂ ಜೊತೆಗೆ ಕಿತ್ತು ಬರುತ್ತದೆ.

ಹಲಗೆಯ ಒಂದೇ ಕಡೆ ವೆನೀರ್ ಅಂಟಿಸಿದರೆ ಸಾಲದಾ?

ಸಾಲದು. ಒಂದು ಕಡೆ ಮಾತ್ರ ಅಂಟಿಸಿದರೆ ಹಲಗೆ ಬಾಗುತ್ತದೆ. ಹಿಂದೆಯೂ ಅಷ್ಟೇ ದಪ್ಪದ ವೆನೀರ್ ಅದೇ ಹೊತ್ತಿಗೆ ಅಂಟಿಸಿ. ಹಿಂದಿನದು ಮಾಮೂಲಿ ಮರವಾದರೂ ನಡೆಯುತ್ತದೆ. ಅಡಿಹಲಗೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒಳ್ಳೆಯದು. ಪ್ಲೈವುಡ್ ಆದರೆ ಅದರ ಮೇಲ್ಪದರದ ಎಳೆಗೆ ವೆನೀರಿನ ಎಳೆ ಅಡ್ಡ ಇರಲಿ.

ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬಂತು!

ಯಾವ ಮೈ ಮೇಲೆ ಬರುತ್ತದೆ ಅನ್ನುವುದು ಮೊದಲೇ ತೀರ್ಮಾನ ಆಗದಿದ್ದರೆ ಹೀಗೆ ಆಗುತ್ತದೆ. ಟೇಪು ಇರುವ ಮೈ ಯಾವಾಗಲೂ ಕಾಣುವ ಮೈ. ಹಿಂದಿನಿಂದ ಕೆಲಸ ಮಾಡುವುದಾದರೆ ನಕ್ಷೆಯನ್ನೇ ತಿರುಗಿಸಿಟ್ಟುಕೊಳ್ಳಿ. ಅಕ್ಷರ, ಗಡಿಯಾರ, ಪರಿಚಿತರ ಮುಖ ಇದ್ದಾಗ ಇನ್ನೊಮ್ಮೆ ನೋಡಿಕೊಳ್ಳಿ.

ಅಂಟಿಸಿದ ಮೇಲೆ ಅಲ್ಲಲ್ಲಿ ಗುಳ್ಳೆ ಎದ್ದಿದೆ.

ಉಗುರಿನಿಂದ ತಟ್ಟುತ್ತಾ ಹೋಗಿ. ಅಂಟದ ಜಾಗದಲ್ಲಿ ಸದ್ದು ಪೊಳ್ಳಾಗಿರುತ್ತದೆ. ಬಿಳಿ ಅಂಟು ಬಳಸಿದ್ದರೆ ಮೇಲೆ ಕಾಗದ ಹಾಕಿ ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿ, ಕೂಡಲೇ ಹಲಗೆ ಇಟ್ಟು ಒತ್ತಿ, ತಣ್ಣಗಾಗುವವರೆಗೆ ಬಿಡಿ. ಆ ಅಂಟು ಬಿಸಿಗೆ ಮತ್ತೆ ಮೆತ್ತಗಾಗುತ್ತದೆ. ಅಲ್ಲಿ ಅಂಟೇ ಇಲ್ಲದಿದ್ದರೆ ಎಳೆಯ ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಸಿರಿಂಜಿನಲ್ಲಿ ಅಂಟು ಬಿಟ್ಟು ಒತ್ತಿ. ಎಳೆಗೆ ಅಡ್ಡ ಸೀಳಿದರೆ ಗಾಯ ಕಾಣುತ್ತದೆ.

ಉಜ್ಜುವುದು ಎಷ್ಟು?

ಸಾಧ್ಯವಾದಷ್ಟು ಕಡಿಮೆ. ವೆನೀರ್ ಇರುವುದೇ ಅರ್ಧ ಮಿ.ಮೀ. ಚಿಲ್ಲರೆ. ಟೇಪು ತೆಗೆದ ಮೇಲೆ ಒಂದು ದಿನವಾದರೂ ಒಣಗಲು ಬಿಡಿ. ಒದ್ದೆಯಲ್ಲಿ ಉಬ್ಬಿದ್ದನ್ನು ಉಜ್ಜಿದರೆ ಒಣಗಿದ ಮೇಲೆ ತಗ್ಗಾಗುತ್ತದೆ. ಹರಿತ ಸ್ಕ್ರೇಪರ್ ಅಥವಾ 180ರ ಸ್ಯಾಂಡ್ ಪೇಪರ್ ಗಟ್ಟಿ ಮರದ ತುಂಡಿಗೆ ಸುತ್ತಿಕೊಂಡು ಶುರು ಮಾಡಿ, 320ಕ್ಕೆ ಮುಗಿಸಿ. ಬೆಲ್ಟ್ ಸ್ಯಾಂಡರ್ ಹತ್ತಿರಕ್ಕೂ ತರಬೇಡಿ, ಅಂಚುಗಳು ಕಣ್ಣುಮುಚ್ಚಿ ತೆಗೆಯುವುದರೊಳಗೆ ಸವೆದುಹೋಗುತ್ತವೆ.

ಎಬನಿಯ ಕಪ್ಪು ಧೂಳು ಪಕ್ಕದ ಮೇಪಲ್‌ನ ರಂಧ್ರಗಳಲ್ಲಿ ಕೂತರೆ ಕೊಳೆಯಂತೆ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಒಳಗೆ ಹೋಗುತ್ತದೆ. ವ್ಯಾಕ್ಯೂಮ್ ಹಿಡಿದು ಎಳೆಯಿರಿ.

ಯಾವ ಪಾಲಿಶ್?

ಶೆಲಾಕ್, ಅಂದರೆ ಅರಗಿನ ಪಾಲಿಶ್, ನನ್ನ ಮೊದಲ ಆಯ್ಕೆ. ಚೆನ್ನಾಗಿ ಸೋಸಿ ಬಿಳುಪಾಗಿಸಿದ ಬಗೆಯನ್ನು ತೆಗೆದುಕೊಂಡರೆ ತಿಳಿ ಮರ ತಿಳಿಯಾಗಿಯೇ ಉಳಿಯುತ್ತದೆ. ಎಣ್ಣೆ ಹಾಕಿದರೆ ಗಾಢ ಮರ ಸೊಗಸಾಗುತ್ತದೆ ನಿಜ, ಆದರೆ ಹಾಲಿ, ಮೇಪಲ್ ಹಳದಿಯಾಗಿ ಛಾಯೆಗಳ ಅಂತರ ಕಡಿಮೆಯಾಗುತ್ತದೆ. ಅಷ್ಟು ಜತನದಿಂದ ಆರಿಸಿದ್ದನ್ನು ಕೊನೆಗೆ ಕಳೆದುಕೊಳ್ಳಬಾರದು.

ಪಡೌಕ್ ಇದ್ದರೆ ಎಚ್ಚರ. ಅದರ ಕೆಂಪು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಶೆಲಾಕ್ ಬಟ್ಟೆಯನ್ನು ಅದರ ಮೇಲಿಂದ ಬಿಳಿ ಮರಕ್ಕೆ ಎಳೆದರೆ ಬಿಳಿ ಮರ ಗುಲಾಬಿಯಾಗುತ್ತದೆ. ಮೊದಲ ಒಂದೆರಡು ಕೋಟ್ ಸ್ಪ್ರೇ ಮಾಡಿ, ಒಣಗಿದ ಮೇಲೆ ಕೈಯಲ್ಲಿ ಹಚ್ಚಿ.

ಧೂಳಿನಿಂದ ಆರೋಗ್ಯಕ್ಕೆ ತೊಂದರೆಯಾ?

ಹೌದು, ಹಗುರವಾಗಿ ತೆಗೆದುಕೊಳ್ಳಬೇಡಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಬೀಟೆ ಜಾತಿಯ ಮರಗಳ ಧೂಳು ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ತರುತ್ತದೆ. ಉಜ್ಜುವಾಗ ಒಳ್ಳೆಯ ಮಾಸ್ಕ್ ಹಾಕಿ. ಮರಳಿನಲ್ಲಿ ಸುಡುವಾಗ ಕಿಟಕಿ ತೆರೆದಿಡಿ.

ಕಣ್ಣು ಪಳಗಲು ಯಾವ ಹಳೆ ಕೆಲಸಗಳನ್ನು ನೋಡಬೇಕು?

ಇಟಲಿಯ ಗುಬ್ಬಿಯೋ ಅರಮನೆಗೆ ಅಂತ ಸುಮಾರು 1478ರಿಂದ 1482ರ ನಡುವೆ ಮಾಡಿದ ಓದುಕೋಣೆ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಗೋಡೆಗಳಲ್ಲಿ ಅರೆತೆರೆದ ಬೀರು ಬಾಗಿಲು, ಒಳಗೆ ಪುಸ್ತಕ, ವಾದ್ಯಗಳು, ಎಲ್ಲ ಮರದಲ್ಲೇ. ಬಾಗಿಲಿನ ಜಾಲರಿಯ ನೆರಳನ್ನೂ ಮರ ಆರಿಸಿಯೇ ತಂದಿದ್ದಾರೆ. ಫ್ರಾನ್ಸಿನ ಹದಿನೈದನೇ ಲೂಯಿಗೆ ಅಂತ ಜಾನ್ ಫ್ರಾಂಸ್ವಾ ಒಬೆನ್ 1760ರಲ್ಲಿ ಶುರು ಮಾಡಿ, ಅವನು ತೀರಿಕೊಂಡ ಮೇಲೆ ಜಾನ್ ಆನ್ರಿ ರೀಜ್ನೆರ್ 1769ರಲ್ಲಿ ಮುಗಿಸಿದ ಮೇಜು ವರ್ಸೈನಲ್ಲಿದೆ. ಇವೆರಡರ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ಚಿತ್ರ ನೋಡಿ ಮುಗಿದ ಮೇಲೆ ಒಂದೊಂದು ತುಂಡಿನ ಎಳೆ ಯಾವ ಕಡೆ ಹೋಗಿದೆ ಅಂತ ಹುಡುಕಿ.

ಉಳಿದ ಚೂರುಗಳನ್ನು ಇಟ್ಟುಕೊಳ್ಳಬೇಕಾ, ಎಸೆಯಬೇಕಾ?

ಬೆರಳಗಲ ಇದ್ದರೂ ಇಟ್ಟುಕೊಳ್ಳಿ. ಜಾತಿಗಿಂತ ಛಾಯೆಯ ಪ್ರಕಾರ ವಿಂಗಡಿಸಿ, ತಿಳಿಯಿಂದ ಗಾಢಕ್ಕೆ, ಹುಡುಕುವಾಗ ಅದೇ ಅನುಕೂಲ. ಹಿಂದೆ ಪೆನ್ಸಿಲಿನಲ್ಲಿ ಮರದ ಹೆಸರು ಬರೆದಿಡಿ. ಸಪಾಟಾಗಿ, ಮೇಲೊಂದು ಹಲಗೆ ಹೇರಿ, ಬಿಸಿಲು ಬೀಳದ ಕಡೆ ಇಡಿ. ಬೇಸಿಗೆಯಲ್ಲಿ ಒಣಗಿ ಸೀಳುವಂತಾದರೆ ಬಳಸುವ ಹಿಂದಿನ ದಿನ ತುಸು ನೀರು ಚಿಮುಕಿಸಿ ಭಾರದ ಕೆಳಗಿಟ್ಟರೆ ಮತ್ತೆ ಮಣಿಯುತ್ತವೆ. ವಿಚಿತ್ರ ಎಳೆ ಇರುವ ಚೂರು ಸಿಕ್ಕರೆ ಅದನ್ನು ಬೇರೆಯೇ ಲಕೋಟೆಯಲ್ಲಿ ಎತ್ತಿಡಿ. ಮೋಡಕ್ಕೋ ನೀರಿಗೋ ಮುದುಕರ ಕೆನ್ನೆಗೋ ಬೇಕಾಗುವುದು ಅಂಥದ್ದೇ.